ಪಂಚಾಯತಿಗೆ ಚರಂಡಿಯ ವಿಷಯ ಮಾತ್ರ

ಬೆಳಿಗ್ಗೆ ನಳ್ಳಿ ನೀರು ಹಿಡಿದೆ. ಕುಚ್ಚಲಕ್ಕಿ ಒಲೆಗಿಟ್ಟೆ. ಎರಡು ರವಿಕೆಗೆ ಗುಂಡಿ ಹಚ್ಚಿದೆ. ಆಮೇಲೆ ಗ್ರಾಮಸಭೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿದು, ಹಸನಬ್ಬನವರ ಮೀನಿನ ಅಂಗಡಿ ಎತ್ತಿಸುವ ನಿರ್ಣಯವಾದದ್ದನ್ನು ನೋಡಿ ಬಂದೆ. ಯಾರೂ ದನಿ ಏರಿಸಲಿಲ್ಲ.

ನಮ್ಮ ಹಾವೇರಿ ಕಡೆ ಪಂಚಾಯ್ತಿಯೆಂದರೆ ಕುರ್ಚಿ ಹಾರುತ್ತವೆ. ಹಾರಿಸಿದವರೇ ಸಂಜೆ ಕೂಡಿ ಎಲೆಅಡಿಕೆ ಹಾಕುತ್ತಾರೆ. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ, ನಾನು ಮದುವೆಯಾಗಿ ಬಂದ ಈ ಹಳ್ಳಿಯಲ್ಲಿ ಮಾತೆಲ್ಲ ಪಾಠ ಓದಿದ ಹಾಗೆ, ಮೆತ್ತಗೆ. ಹಸಿಮೀನು ಮಾರುವ ಹಕ್ಕನ್ನು ಇಲ್ಲಿ ಪಂಚಾಯತೇ ವರ್ಷಕ್ಕೊಮ್ಮೆ ಏಲಂ ಹಾಕುತ್ತದೆ. ಈ ಸಲ ಹಿಡಿದವರು ಬ್ಯಾರಿ ಮುಸ್ಲಿಮರಾದ ಹಸನಬ್ಬ. ಮೀನು ಮುಟ್ಟದಿದ್ದ ನನಗೆ ಬೂತಾಯಿ ಎಂಬ ಸಣ್ಣ ಮೀನಿನ ತಲೆ ಚಿವುಟಲು ಕಲಿಸಿದವರು. “ಹೆದರಬೇಡಿ ಅಕ್ಕ, ಅದು ಸತ್ತಿದೆ” ಅನ್ನುತ್ತಿದ್ದರು.

ಹೋದ ತಿಂಗಳು, ಅವರಲ್ಲಿ ಕೊಳ್ಳಬೇಡಿ ಎಂದು ಎಲ್ಲರ ಮೊಬೈಲಿಗೆ ಸಂದೇಶ ಬಂತು. ಗಿರಾಕಿಗಳು ಬರುವುದು ನಿಂತಿತು. ಇವತ್ತು ಹಸನಬ್ಬ ಎದ್ದು ಕೇಳಿದರು: “ಹಕ್ಕು ಕೊಟ್ಟದ್ದು ಪಂಚಾಯತ್. ಬಹಿಷ್ಕಾರ ತಪ್ಪು ಅಂತ ಒಂದು ನಿರ್ಣಯ ಮಾಡಿ. ಅಷ್ಟು ಸಾಕು.”

“ಅದೆಲ್ಲ ಜಾತಿ-ಧರ್ಮದ ವಿಷಯ ಮಾರಾಯ್ರೆ, ಪಂಚಾಯತಿಗೆ ಯಾಕೆ?” ಅಧ್ಯಕ್ಷೆ ನಕ್ಕರು. “ನಾವು ರಸ್ತೆ, ಚರಂಡಿ, ದಾರಿದೀಪ ನೋಡುವ.”

ಸಭೆಯೆಲ್ಲ ತಲೆಯಾಡಿಸಿತು. ಪಕ್ಕದ ಮನೆಯ ಸುಮತಿಯಕ್ಕ ಎದ್ದರು. “ಚರಂಡಿ ಅಂದದ್ದು ಒಳ್ಳೆದಾಯ್ತು. ಮೀನಿನ ನೀರು ಅದಕ್ಕೇ ಹೋಗುವುದು. ಭಾರೀ ವಾಸನೆ ಉಂಟು.” ಸಂದೇಶ ಬರುವವರೆಗೆ ಅವರ ಮನೆಯ ಸಾರಿಗೆ ಅದೇ ಅಂಗಡಿಯ ಮೀನು.

ನೈರ್ಮಲ್ಯಕ್ಕಾಗಿ ಅಂಗಡಿ ಎತ್ತಿಸುವುದೆಂದು ಕೈಗಳು ಮೇಲೆದ್ದವು.

“ಅಲ್ರೀ, ಚರಂಡಿ ಮ್ಯಾಲೆ ನಾಕು ಹಾಸುಗಲ್ಲು ಹಾಕಿದ್ರಾತಲ್ಲ?” ಎಂದೆ.

“ಘಟ್ಟದ ಮೇಲಿನವರಿಗೆ ಮೀನಿನ ಮೇಲೆ ಎಂಥ ಪ್ರೀತಿ!” ಅಧ್ಯಕ್ಷೆ ಅಂದರು. “ಕೂತ್ಕೊಳ್ಳಿ ಅಕ್ಕ, ಚಹಾ ತಣಿಯುತ್ತದೆ.”

ಎಲ್ಲರೂ ನಕ್ಕರು. ಕೂತೆ. ಹಸನಬ್ಬ ನಿಂತೇ ಇದ್ದರು. ಅವರಿಗೆ ಯಾರೂ ಕೂತ್ಕೊಳ್ಳಿ ಅನ್ನಲಿಲ್ಲ.

ಹೊರಗೆ ಹಸನಬ್ಬನವರನ್ನು ಕೇಳಿದೆ, ಇನ್ನೇನು ಮಾಡ್ತೀರಿ?

“ಮಗಳಿಗೆ ಹೇಳ್ತೇನೆ, ಕಾಲೇಜು ಸಾಕು ಅಂತ.”

ಸಂಜೆ ಅವ್ವ ಫೋನು ಮಾಡಿದಳು. “ನಿಮ್ಮೂರಾಗ ಎಲ್ಲಾ ಆರಾಮ ಐತಿ?” ಸಭೆಗೆ ನಾನು ಹೊರಗಿನವಳು, ಅವ್ವನಿಗೆ ಇಲ್ಲಿಯವಳು. “ಆರಾಮ ಐತಿ ಬೇ” ಎಂದೆ.

ರಾತ್ರಿ ಗಂಜಿಗೆ ಸುಮತಿಯಕ್ಕ ಕೊಟ್ಟ ಮಾವಿನ ಉಪ್ಪಿನಕಾಯಿ. ರುಚಿಯಿತ್ತು. ನಮ್ಮ ಮನೆಯವರು ಎರಡನೇ ಸಲ ಬಡಿಸಿಕೊಂಡರು. ಮೊದಲು ನಿದ್ದೆ ಹೋದವಳು ನಾನೇ.