ಮಲಿಕಸಾಬನ ಆಣೆ

ಸಿಂದಗಿಯ ಮಲಿಕಸಾಬ ಸೊಲ್ಲಾಪುರದ ಉಸ್ತಾದರ ಕೈಕೆಳಗೆ ಹಲ್ಲು ಕೀಳುವುದನ್ನು ಕಲಿತವನು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ, ಎತ್ತರದ ಕುರ್ಚಿ. ಸಂತೆಯ ದಿನ ಇಂಡಿ, ಮುದ್ದೇಬಿಹಾಳದಂಥ ಊರುಗಳಿಗೆ ಹೋಗುತ್ತಿದ್ದ. ಮಕ್ಕಳ ಹಲ್ಲಿಗೆ ಉಸ್ತಾದರು ಹೇಳಿಕೊಟ್ಟದ್ದು ಒಂದೇ ದಾರಿ: ಇಬ್ಬರು ಗಟ್ಟಿಯಾಗಿ ಹಿಡಿಯಬೇಕು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಿತ್ತುಬಿಡಬೇಕು. ಕಿರುಚಾಟ ಅವನಿಗೆ ರೂಢಿಯಾಗಿತ್ತು.

೧೯೫೮ರ ಬೇಸಿಗೆಯ ಒಂದು ಮಧ್ಯಾಹ್ನ ಕಾಳಿನ ವ್ಯಾಪಾರಿ ಶ್ರೀಶೈಲಪ್ಪ ತನ್ನ ಏಳು ವರ್ಷದ ಮಗಳು ಇಂದೂಳನ್ನು ಹೆಗಲ ಮೇಲೆ ಹೊತ್ತು ತಂದ. ಹಿಂದೆ ಅವನ ತಾಯಿ ರೇವವ್ವ. ಹುಡುಗಿಯ ಎಡಗೆನ್ನೆ ಕಣ್ಣು ಮುಚ್ಚುವಷ್ಟು ಬಾತಿತ್ತು, ಮೈ ಸುಡುತ್ತಿತ್ತು. ಕುರ್ಚಿ ಕಂಡದ್ದೇ ತಡ, ಹಲ್ಲು ಕಚ್ಚಿ ಬಾಯಿ ಬಿಗಿದುಕೊಂಡಳು. ಹಿಂದಿನ ವರ್ಷ "ಬರೇ ನೋಡ್ತಾರ" ಎಂದು ನಂಬಿಸಿ, ಇದೇ ಕುರ್ಚಿಯಲ್ಲಿ ಅವಳನ್ನು ಹಿಡಿದು ಹಲ್ಲು ಕಿತ್ತಿದ್ದರು.

"ನಾ ಹಿಡೀತೇನಿ, ನೀವು ಜಗ್ಗ್ರಿ," ಎಂದ ಶ್ರೀಶೈಲಪ್ಪ.

ಮಲಿಕಸಾಬ ಇಕ್ಕಳ ಎತ್ತಿಕೊಂಡ. ಹುಡುಗಿ ತಲೆ ಕೊಡವಿದ ರಭಸಕ್ಕೆ ಅದರ ತುದಿ ತಾಗಿ ತುಟಿ ಹರಿದು ನೆತ್ತರು ಬಂತು. ಅವನು ಇಕ್ಕಳ ಹಿಂದೆಳೆದುಕೊಂಡ. ಹೀಗೆ ಜಗ್ಗಿದರೆ ಹಲ್ಲು ಮುರಿದು ಬೇರು ಒಳಗೇ ಉಳಿಯುತ್ತದೆ. ಬಿಟ್ಟರೆ ಕೀವು ಏರುತ್ತದೆ. ದೊಡ್ಡಾಸ್ಪತ್ರೆಗೆ ಕಳಿಸೋಣವೆಂದರೆ ವಿಜಾಪುರದ ಬಸ್ಸು ಹೋಗಿಯಾಗಿತ್ತು.

"ನೀವು ಹೊರಗ ಹೋಗ್ರಿ. ಆಯಿ ಒಬ್ಬಾಕಿ ಇರ್ಲಿ."

"ಆಕಿ ಬಾಯಿ ತಗ್ಯಾಂಗಿಲ್ರಿ!"

"ಹೋಗ್ರಿ."

ಬಾಗಿಲು ಹಾಕಿ, ನೆಲದ ಮೇಲೆ ಅವಳೆದುರು ಕುಳಿತ. ಇಂದೂ ಕೆಳಗೆ ಕುಳಿತಿದ್ದ ಅಜ್ಜಿಯ ತೊಡೆಯೇರಿದ್ದಳು.

"ತಂಗೀ, ಹ್ವಾದ ವರ್ಷ ಸುಳ್ಳ ಹೇಳಿದ್ವಿ. ಇವತ್ತ ಖರೇ ಹೇಳ್ತೇನಿ. ನೋವು ಆಗ್ತೈತಿ. ಆದ್ರ ನೀ ಕೈ ಎತ್ತಿದ್ರ ನಾ ಬಿಡ್ತೇನಿ."

"ಆಣಿ?" ಕಚ್ಚಿದ ಹಲ್ಲುಗಳ ಸಂದಿಯಿಂದಲೇ ಕೇಳಿದಳು.

"ಅಲ್ಲಾನ ಆಣಿ."

ಅವಳು ತುಸುವೇ ಬಾಯಿ ತೆರೆದಳು. ಲವಂಗದ ಎಣ್ಣೆಯ ಹತ್ತಿ ಮುಟ್ಟಿಸಿದ ಕೂಡಲೇ ಕೈ ಎತ್ತಿದಳು. ಅವನು ಹಿಂದೆ ಸರಿದ. ಮತ್ತೆ ಮುಟ್ಟಿಸಿದ, ಮತ್ತೆ ಎತ್ತಿದಳು. ತನ್ನನ್ನು ಪರೀಕ್ಷಿಸುತ್ತಿದ್ದಾಳೆಂದು ತಿಳಿದು ಬೆವರು ಒರೆಸಿಕೊಂಡ. ಹೊರಗೆ ಶ್ರೀಶೈಲಪ್ಪ ಬಾಗಿಲು ಬಡಿದ: "ಏನ್ ಮಾಡಾಕತ್ತೀರಿ ಒಳಗ?"

"ಸುಮ್ಕಿರೋ!" ಎಂದು ರೇವವ್ವ ಗದರಿದಳು.

ಕೊನೆಗೆ ಇಕ್ಕಳ ಹಲ್ಲನ್ನು ಹಿಡಿಯಿತು. ಹಲ್ಲು ಅಲುಗಿತು. ಇನ್ನೊಂದೇ ತಿರುವು ಸಾಕಿತ್ತು.

ಕೈ ಮೇಲೆದ್ದಿತು.

ಇಷ್ಟು ವರ್ಷದ ಅಭ್ಯಾಸವೆಲ್ಲ ಬೆರಳಿಗೆ ಬಂದು ಜಗ್ಗು ಎಂದಿತು. ಮಲಿಕಸಾಬ ಇಕ್ಕಳ ಸಡಿಲಿಸಿ ಹೊರತೆಗೆದ.

"ಅಯ್ಯ, ಯಾಕ ಬಿಟ್ಟೀಪಾ?" ಎಂದಳು ರೇವವ್ವ.

"ಆಣಿ ಮಾಡೇನಿ, ಯವ್ವಾ."

ಇಂದೂ ನೆತ್ತರು ಉಗುಳಿ, ಅವನ ಮುಖವನ್ನೇ ನೋಡುತ್ತ ಕುಳಿತಳು. ಆಮೇಲೆ ಎರಡೂ ಕೈಗಳನ್ನು ಅಜ್ಜಿಯ ಸೆರಗಿನೊಳಗೆ ಸಿಕ್ಕಿಸಿಕೊಂಡಳು.

"ಲಗೂನ ತಗೀ, ಕಾಕಾ."

ಹಲ್ಲು ಬಂತು, ಹಿಂದೆಯೇ ಕೀವು. ಇಂದೂ ಜೋರಾಗಿ ಅತ್ತಳು. ಮಲಿಕಸಾಬ ಗಾಯಕ್ಕೆ ಹತ್ತಿ ಇಟ್ಟ. ರೇವವ್ವನೇ ಹೋಗಿ ಬಾಗಿಲು ತೆರೆದಳು. ಮರುದಿನ ಹುಡುಗಿಯ ಜ್ವರ ಇಳಿಯಿತು.

ಮುಂದಿನ ಇಂಡಿ ಸಂತೆಯಲ್ಲಿ ಮಕ್ಕಳನ್ನು ಹಿಡಿಯಲು ಬಂದ ಹಮಾಲರನ್ನು ಅವನು ವಾಪಸು ಕಳಿಸಿದ. ಒಂದು ಹಲ್ಲಿಗೆ ಇಷ್ಟು ಹೊತ್ತೇ ಎಂದು ಜನ ಬೈದರು, ಕೆಲವರು ಬೇರೆಯವರ ಹತ್ತಿರ ಹೋದರು. ಬೈಸಿಕೊಳ್ಳುತ್ತಲೇ ಅವನು ಮಕ್ಕಳೆದುರು ನೆಲದ ಮೇಲೆ ಕೂರುತ್ತಿದ್ದ.