ಬಸ್ಸಿನಲ್ಲಿ ಬಯಾಪ್ಸಿ ಬಾಟಲಿ

ಹೆಂಡತಿಯ ಎದೆಯಲ್ಲಿದ್ದ ಗಂಟಿನ ಒಂದು ಚೂರನ್ನು ಕತ್ತರಿಸಿ, ಔಷಧಿ ನೀರಿನ ಬಾಟಲಿಯಲ್ಲಿ ಹಾಕಿ, ತಿಪಟೂರಿನ ಡಾಕ್ಟರು ನನ್ನ ಕೈಗೇ ಕೊಟ್ಟರು. ಅದು ಕ್ಯಾನ್ಸರೋ ಅಲ್ಲವೋ ಎಂದು ನೋಡಿ ಹೇಳುವವರು ಆಗ ಬೆಂಗಳೂರಿನಲ್ಲಿದ್ದರು. ಬಸ್ಸು ಹತ್ತಿ, ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಬಸ್ಸು ಕುಲುಕಿದಾಗಲೆಲ್ಲ ಮುಚ್ಚಳ ಮುಟ್ಟಿ ನೋಡುತ್ತಿದ್ದೆ.

ಪಕ್ಕದಲ್ಲಿದ್ದ ಹಾಲ್ಕುರಿಕೆ ಊರಿನ ಅಜ್ಜಿಯೊಬ್ಬರು, "ಅದೇನಪ್ಪ, ಉಪ್ಪಿನಕಾಯಾ?" ಅಂದರು.

"ಔಷಧಿ ಅಜ್ಜಿ."

"ಔಷಧೀನ ಹಸುಗೂಸು ಹಿಡ್ಕಂಡಂಗೆ ಹಿಡ್ಕತಾರಾ?"

ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಅಂಟುರೋಗವೆಂದು ಹೆದರಿ ದೂರ ಸರಿಯುತ್ತಾರೆ ಅಂದುಕೊಂಡರೆ, ಅಜ್ಜಿ ಸೆರಗಿನ ಮೇಲಿಂದಲೇ ತಮ್ಮ ಎದೆಯ ಎಡಗಡೆ ತಟ್ಟಿಕೊಂಡರು.

"ಇಲ್ಲೇನೂ ಇಲ್ಲ ಕಣಪ್ಪ, ತೆಗೆದ್ಬುಟ್ರು. ಆಮೇಲೆ ಅದೇನೋ ರೇಡಿಯೇಷನ್ ಅಂತ ಕರೆಂಟು ಕೊಟ್ರು. ಆಗ ಮಗಳಿಗೆ ಮದ್ವೆ ಆಗಿರ್ಲಿಲ್ಲ. ಈಗ ಅವಳನ್ನ ಬಾಣಂತನಕ್ಕೆ ಕರ್ಕಂಬರಾಕೆ ಹೊಂಟಿವ್ನಿ. ಕೊಡಿಲ್ಲಿ ಬಾಟ್ಲೀನ, ನೀನು ಒಸಿ ಒರಗ್ಕೊ."

ಅಜ್ಜಿ ಗುಬ್ಬಿಯಲ್ಲಿ ಇಳಿಯುವವರೆಗೂ ಅದು ಅವರ ಮಡಿಲಲ್ಲೇ ಇತ್ತು.

ಆಮೇಲೆ ಬಂದ ವರದಿಯಲ್ಲಿ ಕ್ಯಾನ್ಸರ್ ಅಂತಲೇ ಇತ್ತು. ಹೆದರಿ ಮುದುಡಿ ಕೂತಿದ್ದ ಹೆಂಡತಿಗೆ ಅಜ್ಜಿಯ ವಿಷಯ ಹೇಳಿದೆ. ಅವಳು ತಲೆಯೆತ್ತಿ, "ಒಂದು ಕಡೆ ಇಲ್ದೆ ರವಿಕೆ ಹೆಂಗೆ ಹೊಲಿಸ್ಕಂಡಿದ್ರು, ಕೇಳಿದ್ರಾ?" ಅಂದಳು.

ನಾನು ಕೇಳಿರಲಿಲ್ಲ.

ಆಪರೇಷನ್ನೂ ಕರೆಂಟೂ ಮುಗಿದು ಅವಳು ಹುಷಾರಾಗಿ ವರ್ಷಗಳೇ ಆದವು. ಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ವಿಚಾರಿಸಿಕೊಂಡು ಬರುವ ಗಂಡಸು ಎಂದು ನನ್ನನ್ನು ಈಗಲೂ ಬೈಯುತ್ತಾಳೆ.