ಬಾಗಿಲಿಗೆ ಅಡ್ಡ ನಿಲ್ಲುವ ಎಸ್ತರಮ್ಮ
ತಿಪಟೂರಿನ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಹೊಸ ಬೋಧಕರು ಬಂದರೆ ಎಸ್ತರಮ್ಮ ಮುಂದಿನ ಚಾಪೆಯಲ್ಲೇ ಕೂರುತ್ತಿದ್ದರು. ಕಾಯಿ ಸುಲಿದು ಒರಟಾದ ಬೆರಳನ್ನು ವೇದಪುಸ್ತಕದ ಸಾಲುಗಳ ಮೇಲೆ ಓಡಿಸುತ್ತಾ, ಒಂದು ಮಾತು ತಪ್ಪಿದರೂ ಕೆಮ್ಮುತ್ತಿದ್ದರು. ಆರಾಧನೆ ಮುಗಿದ ಮೇಲೆ ಬಾಗಿಲಿಗೆ ಅಡ್ಡ ನಿಂತು, "ನೀವಂದಿದ್ದು ಎಲ್ಲೈತೆ, ತೋರ್ಸಪ್ಪ" ಎನ್ನುತ್ತಿದ್ದರು. ಬಿಷಪ್ಪರನ್ನೂ ಬಿಟ್ಟವರಲ್ಲ. ಸಭೆಯ ಹಿರಿಯನಾದ ನನಗೆ ಅದು ಮುಜುಗರ. ಎಪ್ಪತ್ತೆಂಟನೇ ಇಸವಿಯಲ್ಲಿ ಸೂಟು ತೊಟ್ಟ ಬೋಧಕನೊಬ್ಬ, "ನಿಜವಾದ ವಿಶ್ವಾಸಿಗೆ ಔಷಧಿ ಬೇಡ" ಎಂದು ಗುಡುಗಿದ. ಕ್ಷಯರೋಗಿ ಸುಗುಣ ತನ್ನ ಮಾತ್ರೆಗಳನ್ನು ತಂದು ಅವನ ಕಾಲ ಬಳಿ ಇಟ್ಟಳು. ಎಸ್ತರಮ್ಮ ಎದ್ದುನಿಂತು, "ದೇವ್ರು ಹಂಗಂತ ಎಲ್ಲೂ ಹೇಳಿಲ್ಲ ಕಣಮ್ಮ, ತಕ್ಕೋ" ಎಂದರು. ನಾನು ಅವರ ತೋಳು ಹಿಡಿದು ಹೊರಗೆ ಕಳಿಸಿದೆ. ಮಾತ್ರೆ ಬಿಟ್ಟ ಸುಗುಣ ತಿಂಗಳೊಳಗೆ ರಕ್ತ ಕಾರಿದಳು. ಅವಳನ್ನು ಆಸ್ಪತ್ರೆಗೆ ಸೇರಿಸಿದ್ದು ಎಸ್ತರಮ್ಮನೇ. ನಾನು ನೋಡಲು ಹೋದಾಗ, ಅಲ್ಲಿಯ ಬೆಂಚಿನ ಮೇಲೆ ಕೂತು ನನ್ನ ಮುಖ ನೋಡದೆ ಹೇಳಿದರು: "ನಾನು ಓದಕ್ಕೆ ಕಲ್ತಿದ್ದೇ ನನ್ ಮಗ ಹೋದ್ಮೇಲೆ ಕಣಪ್ಪ. ಅವನ ಜ್ವರಕ್ಕೂ ಇಂಥೋನೊಬ್ಬ ಔಷ್ದಿ ಬ್ಯಾಡ ಅಂದಿದ್ದ. ನಾನೂ ಆಮೆನ್ ಅಂದಿದ್ದೆ." ಸುಗುಣ ಬದುಕಿದಳು. ನಾನು ಮಾಡಿದ್ದನ್ನು ಎಸ್ತರಮ್ಮ ಯಾರ ಮುಂದೆಯೂ ಎತ್ತಲಿಲ್ಲ. ಸಭೆಯ ಮುಂದೆ ನಿಂತು ಒಪ್ಪಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ.